ಹಸಿರು ಏಕೆ ಹಳದಿಯಾಯಿತು?

ಮಕ್ಕಳೇ, ಕಂಪ್ಯೂಟರ್ ಪರದೆಯ ಮೇಲೆ ಚೆಂದವಾಗಿ ಕಂಡ ಚಿತ್ರ ಪ್ರಿಂಟರ್‌ನಿಂದ ಹೊರಬರುವಾಗ ಬೇರೆ ಬಣ್ಣ ತಳೆದದ್ದನ್ನು ನೀವು ನೋಡಿದ್ದೀರಾ? ನೀಲಿ ಆಕಾಶ ನೇರಳೆಯಾಗಿರುತ್ತದೆ. ಅಜ್ಜಿಯ ಮುಖ ಹಸಿರಾಗಿರುತ್ತದೆ. ನಾವು ನಕ್ಕು, "ಪ್ರಿಂಟರ್ ಕೆಟ್ಟಿದೆ" ಎಂದು ಸುಮ್ಮನಾಗುತ್ತೇವೆ. ಆದರೆ ಒಂದು ಮಳೆಗಾಲದಲ್ಲಿ ಇಂಥದೇ ತಪ್ಪು ಬಣ್ಣ ನನ್ನ ಮನೆಯ ಪ್ರಿಂಟರ್‌ನಿಂದ ಹೊರಟು ಒಂದು ಭತ್ತದ ಗದ್ದೆಯವರೆಗೂ ಹೋಯಿತು. ಆಗ ನಗುವಂತಿರಲಿಲ್ಲ. ಆ ತಪ್ಪನ್ನು ನಾನೂ ನನ್ನ ಏಳನೇ ತರಗತಿಯ ಮಕ್ಕಳೂ ಸೇರಿ ಹೇಗೆ ಹುಡುಕಿದೆವು ಎಂಬುದೇ ಈ ಪಾಠ.

ನಡೆದದ್ದೇನು?

ನಮ್ಮದು ತುಂಗಭದ್ರಾ ಕಾಲುವೆಯ ನೀರು ಬರುವ ಊರು. ಶಾಲೆಯ ಸುತ್ತ ಭತ್ತದ ಗದ್ದೆಗಳು. ಆಗಸ್ಟ್ ತಿಂಗಳಲ್ಲಿ ಸಸ್ಯಗಳ ಪೋಷಣೆಯ ಪಾಠ ಮಾಡುವಾಗ 'ಎಲೆ ಬಣ್ಣದ ಪಟ್ಟಿ'ಯ ವಿಷಯ ಹೇಳಿದೆ. ಇದು ಅಂಗೈಗಿಂತ ತುಸು ಉದ್ದದ ಒಂದು ಪ್ಲಾಸ್ಟಿಕ್ ಪಟ್ಟಿ. ಇದರಲ್ಲಿ ತಿಳಿ ಹಳದಿ ಮಿಶ್ರಿತ ಹಸಿರಿನಿಂದ ಕಡು ಹಸಿರಿನವರೆಗೆ 4 ಅಥವಾ 6 ಮನೆಗಳಿರುತ್ತವೆ. ಜಪಾನಿನಲ್ಲಿ ಮೊದಲು ಬಳಕೆಗೆ ಬಂದ ಈ ವಿಧಾನವನ್ನು ಫಿಲಿಪ್ಪೀನ್ಸ್ ದೇಶದಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಏಷ್ಯಾದ ರೈತರಿಗಾಗಿ ಇನ್ನಷ್ಟು ರೂಪಿಸಿದರು.

ಬಳಸುವುದು ಸುಲಭ. ಗದ್ದೆಯ ಬೇರೆ ಬೇರೆ ಕಡೆ 10 ಗಿಡಗಳನ್ನು ಆರಿಸಿಕೊಳ್ಳಬೇಕು. ಪ್ರತಿ ಗಿಡದಲ್ಲೂ ಪೂರ್ತಿ ಬಿಚ್ಚಿಕೊಂಡ ಮೇಲಿನ ಎಲೆಯ ನಡುಭಾಗವನ್ನು ಪಟ್ಟಿಯ ಮೇಲಿಟ್ಟು, ಯಾವ ಮನೆಯ ಬಣ್ಣಕ್ಕೆ ಹೋಲುತ್ತದೆ ಎಂದು ನೋಡಬೇಕು. ಎಲೆಯ ಮೇಲೆ ನೇರ ಬಿಸಿಲು ಬೀಳದಂತೆ ನಮ್ಮ ಮೈಯ ನೆರಳಿನಲ್ಲೇ ಹಿಡಿಯಬೇಕು. ಸಾರಜನಕ ಸಾಕಷ್ಟಿದ್ದರೆ ಎಲೆ ಹಸಿರು, ಕಡಿಮೆಯಾದರೆ ಹಳದಿಯತ್ತ ತಿರುಗುತ್ತದೆ. 6 ಮನೆಗಳ ಪಟ್ಟಿಯಲ್ಲಿ ನಾಟಿ ಮಾಡಿದ ಹಲವು ತಳಿಗಳಿಗೆ 4ನೇ ಮನೆಯೇ ಗಡಿ. ಹತ್ತರಲ್ಲಿ ಆರು ಎಲೆಗಳು ಗಡಿಗಿಂತ ತಿಳಿಯಾಗಿದ್ದರೆ ಸಾರಜನಕದ ಗೊಬ್ಬರ ಕೊಡಬೇಕು, ಇಲ್ಲದಿದ್ದರೆ ಬೇಡ. ತಳಿಗೆ ತಕ್ಕಂತೆ ಈ ಗಡಿ ಬದಲಾಗುತ್ತದೆ.

ಮಕ್ಕಳಿಗೆ ತೋರಿಸಲು ನನ್ನ ಬಳಿ ಪಟ್ಟಿ ಇರಲಿಲ್ಲ. ಪರಿಚಯದವರೊಬ್ಬರು ಮೊಬೈಲ್‌ನಲ್ಲಿ ತೆಗೆದ ಅದರ ಫೋಟೊ ಕಳಿಸಿದರು. ನಾನು ಮನೆಯ ಇಂಕ್‌ಜೆಟ್ ಪ್ರಿಂಟರ್‌ನಲ್ಲಿ ಅದರ ಹತ್ತು ಪ್ರತಿ ತೆಗೆದು ಮಕ್ಕಳಿಗೆ ಹಂಚಿದೆ.

ನಾಲ್ಕು ದಿನ ಕಳೆದ ಮೇಲೆ ಒಬ್ಬ ಹುಡುಗಿ ಕಾರ್ಡ್ ಹಿಡಿದು ಬಂದಳು. "ಟೀಚರ್, ಈ ಕಾರ್ಡಿನ ಪ್ರಕಾರ ನಮ್ಮ ಭತ್ತಕ್ಕ ಗೊಬ್ಬರ ಬ್ಯಾಡಂತ. ಆದ್ರ ನಮ್ಮಪ್ಪ ಪೈರು ಹಳದಿ ಆಗ್ಯಾವು ಅಂತಾನ. ಯಾವುದು ಖರೆ ರೀ?"

ನಾನು ಕಾರ್ಡ್ ನೋಡಿದೆ, ಮೊಬೈಲ್‌ನಲ್ಲಿದ್ದ ಫೋಟೊ ನೋಡಿದೆ. ಎರಡರ ಹಸಿರು ಒಂದೇ ಆಗಿರಲಿಲ್ಲ. ಕಾರ್ಡಿನ ಹಸಿರು ಬಾಡಿ ಹಳದಿಯತ್ತ ತಿರುಗಿತ್ತು. ಅವಳ ತಂದೆ ಕಾರ್ಡನ್ನು ನಂಬಿ ನಾಲ್ಕು ದಿನದಿಂದ ಯೂರಿಯಾ ಹಾಕದೆ ಕಾದಿದ್ದರು. ಪೈರು ತೆಂಡೆ ಒಡೆಯುವ ಹೊತ್ತು. ಆಗ ಸಾರಜನಕ ತಡವಾದರೆ ಇಳುವರಿಗೆ ಪೆಟ್ಟು. "ಯಾವುದು ಖರೆ?" ಎಂಬ ಪ್ರಶ್ನೆಗೆ ಉತ್ತರ ಹುಡುಕಲೇಬೇಕಿತ್ತು. ಹುಡುಕುವ ಮೊದಲು ಬಣ್ಣ ಹೇಗೆ ಮೂಡುತ್ತದೆ ಎಂಬುದನ್ನು ತಿಳಿಯೋಣ, ಬನ್ನಿ.

ಪರದೆಯ ಬಣ್ಣ ಕೂಡುವ ಲೆಕ್ಕ, ಕಾಗದದ ಬಣ್ಣ ಕಳೆಯುವ ಲೆಕ್ಕ

ಮೊಬೈಲ್ ಅಥವಾ ಟಿ.ವಿ. ಪರದೆ ತಾನೇ ಬೆಳಕು ಬೀರುತ್ತದೆ. ಅದರಲ್ಲಿ ಕೆಂಪು, ಹಸಿರು, ನೀಲಿ ಎಂಬ ಮೂರೇ ಬಗೆಯ ಪುಟ್ಟ ದೀಪಗಳಿವೆ. ಕೆಂಪು ಮತ್ತು ಹಸಿರು ಬೆಳಕು ಕೂಡಿದರೆ ನಮ್ಮ ಕಣ್ಣಿಗೆ ಹಳದಿ ಕಾಣುತ್ತದೆ. ಮೂರೂ ಕೂಡಿದರೆ ಬಿಳಿ. ಮೂರೂ ಆರಿದರೆ ಕಪ್ಪು.

ಕಾಗದ ಹಾಗಲ್ಲ. ಅದು ಬೆಳಕು ಬೀರುವುದಿಲ್ಲ. ತನ್ನ ಮೇಲೆ ಬಿದ್ದ ಬಿಳಿ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ, ಅಷ್ಟೆ. ಶಾಯಿ ಮಾಡುವ ಕೆಲಸವೆಂದರೆ ಆ ಬೆಳಕಿನಲ್ಲಿ ಒಂದು ಪಾಲನ್ನು ನುಂಗುವುದು. ಪ್ರಿಂಟರ್‌ನಲ್ಲಿರುವ ಮೂರು ಬಣ್ಣದ ಶಾಯಿಗಳು ಯಾವುದನ್ನು ನುಂಗುತ್ತವೆ ನೋಡಿ.

ಸಯಾನ್ (ಹಸಿರು ಛಾಯೆಯ ತಿಳಿನೀಲಿ): ಕೆಂಪು ಬೆಳಕನ್ನು ನುಂಗುತ್ತದೆ.
ಮಜೆಂಟಾ (ನೇರಳೆ ಛಾಯೆಯ ಗುಲಾಬಿ): ಹಸಿರು ಬೆಳಕನ್ನು ನುಂಗುತ್ತದೆ.
ಹಳದಿ: ನೀಲಿ ಬೆಳಕನ್ನು ನುಂಗುತ್ತದೆ.

ಹಾಗಾದರೆ ಪ್ರಿಂಟರ್‌ನಲ್ಲಿ ಹಸಿರು ಶಾಯಿಯೇ ಇಲ್ಲವೇ? ಹೌದು, ಸಾಮಾನ್ಯ ಮನೆಯ ಪ್ರಿಂಟರ್‌ನಲ್ಲಿ ಇಲ್ಲ. ಹಸಿರು ಬೇಕಾದಾಗ ಅದು ಸಯಾನ್ ಮತ್ತು ಹಳದಿಯನ್ನು ಒಟ್ಟಿಗೆ ಹಾಕುತ್ತದೆ. ಸಯಾನ್ ಕೆಂಪನ್ನು ನುಂಗಿತು, ಹಳದಿ ನೀಲಿಯನ್ನು ನುಂಗಿತು. ಉಳಿದದ್ದು ಹಸಿರು! ಅದೇ ರೀತಿ ಮಜೆಂಟಾ ಮತ್ತು ಹಳದಿ ಸೇರಿದರೆ ಕೆಂಪು. ಸಯಾನ್ ಮತ್ತು ಮಜೆಂಟಾ ಸೇರಿದರೆ ನೀಲಿ. ಮೂರೂ ಸೇರಿದರೆ ಎಲ್ಲ ಬೆಳಕೂ ನುಂಗಿ ಕಪ್ಪಾಗಬೇಕು. ಆದರೆ ಯಾವ ಶಾಯಿಯೂ ಅಷ್ಟು ಶುದ್ಧವಲ್ಲದ ಕಾರಣ ಕೆಸರಿನಂಥ ಕಂದು ಬರುತ್ತದೆ. ಅದಕ್ಕಾಗಿಯೇ ನಾಲ್ಕನೆಯದಾಗಿ ಕಪ್ಪು ಶಾಯಿಯನ್ನು ಇಡುತ್ತಾರೆ.

ಪರದೆಯದು ಕೂಡುವ ಲೆಕ್ಕ, ಕಾಗದದ್ದು ಕಳೆಯುವ ಲೆಕ್ಕ. ಈ ಒಂದು ಮಾತು ನೆನಪಿರಲಿ.

ಮಾಡಿ ನೋಡಿ 1

ಬೇಕಾಗುವ ಸಾಮಗ್ರಿ: ಸ್ಟೀಲ್ ಲೋಟ, ಸ್ವಲ್ಪ ನೀರು, ಬಿಳಿ ಸೀಮೆಸುಣ್ಣ, ಕಪ್ಪು ಸ್ಕೆಚ್ ಪೆನ್.
ವಿಧಾನ: ಸೀಮೆಸುಣ್ಣದ ಬುಡದಿಂದ ಎರಡು ಸೆಂಟಿಮೀಟರ್ ಮೇಲೆ ಸ್ಕೆಚ್ ಪೆನ್‌ನಿಂದ ಸುತ್ತಲೂ ಒಂದು ಗೆರೆ ಎಳೆಯಿರಿ. ಲೋಟದಲ್ಲಿ ಒಂದು ಸೆಂಟಿಮೀಟರ್ ಮಾತ್ರ ನೀರು ಹಾಕಿ ಸೀಮೆಸುಣ್ಣವನ್ನು ನಿಲ್ಲಿಸಿ. ನೀರು ಗೆರೆಯನ್ನು ಮುಟ್ಟಬಾರದು. ಹತ್ತು ನಿಮಿಷ ಕಾಯಿರಿ.
ಏನಾಯಿತು? ನೀರು ಮೇಲೇರುತ್ತಾ ಕಪ್ಪು ಗೆರೆಯನ್ನು ಬಿಡಿಸುತ್ತದೆ. ಹಲವು ಸ್ಕೆಚ್ ಪೆನ್‌ಗಳಲ್ಲಿ ನೀಲಿ, ಗುಲಾಬಿ, ಹಳದಿ ಬೇರೆ ಬೇರೆಯಾಗಿ ಕಾಣುತ್ತವೆ. ಒಂದೇ ಬಣ್ಣ ಎಂದು ನಾವು ತಿಳಿದದ್ದು ಹಲವು ಬಣ್ಣಗಳ ಕೂಟವಾಗಿತ್ತು!

ಹನಿಹನಿ ಕೂಡಿ ಚಿತ್ರ

ಇಂಕ್‌ಜೆಟ್ ಎಂದರೆ ಶಾಯಿಯನ್ನು ಚಿಮ್ಮಿಸುವ ಯಂತ್ರ. ಅದರ ಪ್ರಿಂಟ್ ಹೆಡ್ಡಿನಲ್ಲಿ ಕೂದಲೆಳೆಗಿಂತ ಸಪೂರವಾದ ನೂರಾರು ರಂಧ್ರಗಳಿವೆ. ಇವಕ್ಕೆ ನಾಜಲ್ ಎನ್ನುತ್ತಾರೆ. ಹೆಡ್ ಅತ್ತಿತ್ತ ಓಡುತ್ತಿರುವಾಗಲೇ ಈ ರಂಧ್ರಗಳು ಹನಿಗಳನ್ನು ಚಿಮ್ಮುತ್ತವೆ. ಒಂದೊಂದು ಹನಿಯ ಗಾತ್ರ ಕೆಲವೇ ಪಿಕೊಲೀಟರ್. ಒಂದು ಲೀಟರನ್ನು ಒಂದು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಪಿಕೊಲೀಟರ್. ಹನಿಯೊಂದು 4 ಪಿಕೊಲೀಟರ್ ಇದ್ದರೆ, ಒಂದು ಮಿಲಿಲೀಟರ್ ಶಾಯಿಯಲ್ಲಿ 25 ಕೋಟಿ ಹನಿಗಳಾದವು. ಲೆಕ್ಕ ಹಾಕಿ ನೋಡಿ!

ಹನಿ ಚಿಮ್ಮಿಸಲು ಎರಡು ಉಪಾಯಗಳಿವೆ. ಕೆಲವು ಪ್ರಿಂಟರ್‌ಗಳು ರಂಧ್ರದ ಹಿಂದಿನ ಶಾಯಿಯನ್ನು ಕ್ಷಣಮಾತ್ರ ಕಾಯಿಸುತ್ತವೆ. ಅಲ್ಲಿ ಆವಿಯ ಗುಳ್ಳೆ ಎದ್ದು ಶಾಯಿಯನ್ನು ಹೊರಕ್ಕೆ ತಳ್ಳುತ್ತದೆ. ಇದಕ್ಕೊಂದು ಕಥೆಯಿದೆ. 1977ರಲ್ಲಿ ಜಪಾನಿನ ಕ್ಯಾನನ್ ಕಂಪನಿಯ ಪ್ರಯೋಗಾಲಯದಲ್ಲಿ ಇಚಿರೊ ಎಂಡೊ ಅವರ ಕಣ್ಣೆದುರು, ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ಬಿಸಿ ಬೆಸುಗೆ ಕಡ್ಡಿ ಆಕಸ್ಮಿಕವಾಗಿ ತಗುಲಿತು. ಸೂಜಿಯ ತುದಿಯಿಂದ ಶಾಯಿ ಚಿಮ್ಮಿತು. "ಅಯ್ಯೋ" ಎಂದು ಒರೆಸಿ ಮುಂದೆ ಹೋಗದೆ, ಏಕೆ ಹೀಗಾಯಿತು ಎಂದು ಯೋಚಿಸಿದ್ದರಿಂದ ಒಂದು ಹೊಸ ಪ್ರಿಂಟರ್‌ಗೆ ದಾರಿಯಾಯಿತು. ಇನ್ನು ಕೆಲವು ಪ್ರಿಂಟರ್‌ಗಳಲ್ಲಿ ವಿದ್ಯುತ್ ಹರಿದಾಗ ಬಾಗುವ ವಿಶೇಷ ಹರಳು ಶಾಯಿಯನ್ನು ಒತ್ತುತ್ತದೆ. ಒತ್ತಿದರೆ ವಿದ್ಯುತ್ ಹುಟ್ಟುವ ಇಂಥ ಹರಳುಗಳ ಗುಣವನ್ನು 1880ರಲ್ಲಿ ಕಂಡುಹಿಡಿದವರು ಫ್ರಾನ್ಸಿನ ಜಾಕ್ ಮತ್ತು ಪಿಯರೆ ಕ್ಯೂರಿ ಸಹೋದರರು.

ಮಾಡಿ ನೋಡಿ 2

ದಿನಪತ್ರಿಕೆಯ ಬಣ್ಣದ ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿ. ಮುಖ, ಸೀರೆ, ಆಕಾಶ ಎಲ್ಲವೂ ಚುಕ್ಕೆಗಳಾಗಿ ಬಿಡಿಬಿಡಿಯಾಗುತ್ತವೆ. ನಾಲ್ಕೇ ಬಣ್ಣದ ಚುಕ್ಕೆಗಳು! ಈಗ ಪುಟದ ಅಂಚನ್ನು ಹುಡುಕಿ. ಹಲವು ಪತ್ರಿಕೆಗಳಲ್ಲಿ ಸಯಾನ್, ಮಜೆಂಟಾ, ಹಳದಿ, ಕಪ್ಪು ಬಣ್ಣದ ನಾಲ್ಕು ಪುಟ್ಟ ಗುರುತುಗಳು ಸಾಲಾಗಿರುತ್ತವೆ. ನಾಲ್ಕೂ ಸರಿಯಾಗಿ ಬೀಳುತ್ತಿವೆಯೇ ಎಂದು ಮುದ್ರಣಾಲಯದವರು ನೋಡಿಕೊಳ್ಳುವ ಗುರುತುಗಳಿವು.

ತಪ್ಪು ಎಲ್ಲಿದೆ? ಬಣ್ಣವನ್ನೇ ಕೇಳೋಣ

ಈಗ ನಮ್ಮ ಕಾರ್ಡಿಗೆ ಮರಳೋಣ. ಹಸಿರು ಹಳದಿಯಾಗಿದೆ. ಕಾರಣ ಏನಿರಬಹುದು? ಮಕ್ಕಳು ಒಬ್ಬೊಬ್ಬರು ಒಂದೊಂದು ಹೇಳಿದರು. ಶಾಯಿ ಮುಗಿದಿರಬಹುದು. ಕಾಗದ ಸರಿಯಿಲ್ಲ. ಫೋಟೊವೇ ಸರಿಯಿಲ್ಲ. ಕಂಪ್ಯೂಟರಿನಲ್ಲಿ ಏನೋ ಒತ್ತಿರಬಹುದು. ನಾನು ಎಲ್ಲವನ್ನೂ ಕರಿಹಲಗೆಯ ಮೇಲೆ ಬರೆದೆ. ಎಲ್ಲವೂ ಇರಬಹುದಾದ ಕಾರಣಗಳೇ.

ಇಲ್ಲಿ ಬಹಳ ಜನ ಮಾಡುವ ತಪ್ಪೊಂದಿದೆ. ಕಾಗದ ಬದಲಿಸಿ, ಶಾಯಿ ಬದಲಿಸಿ, ಕಂಪ್ಯೂಟರಿನ ಆಯ್ಕೆಗಳನ್ನೂ ಬದಲಿಸಿ ಒಮ್ಮೆಗೇ ಪ್ರಿಂಟ್ ಕೊಡುತ್ತಾರೆ. ಸರಿಯಾದರೂ ಯಾವುದರಿಂದ ಸರಿಯಾಯಿತು ಎಂದು ತಿಳಿಯುವುದಿಲ್ಲ. ಸರಿಯಾಗದಿದ್ದರೆ ಗೊಂದಲ ಇಮ್ಮಡಿ. ಆದ್ದರಿಂದ ನಾವೊಂದು ನಿಯಮ ಮಾಡಿಕೊಂಡೆವು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಪ್ರತಿ ಹಾಳೆಯ ಹಿಂದೆ ದಿನಾಂಕ, ಕಾಗದದ ಬಗೆ ಮತ್ತು ಏನು ಬದಲಿಸಿದೆವು ಎಂಬುದನ್ನು ಪೆನ್ಸಿಲ್‌ನಲ್ಲಿ ಬರೆಯಬೇಕು.

ಮೊದಲು ಕಂಪ್ಯೂಟರಿನಲ್ಲಿ ಏಳು ಚೌಕಗಳನ್ನು ಬರೆದೆವು: ಸಯಾನ್, ಮಜೆಂಟಾ, ಹಳದಿ, ಕೆಂಪು, ಹಸಿರು, ನೀಲಿ ಮತ್ತು ಬೂದು. ಆ ಸಂಜೆ ಮನೆಯಲ್ಲಿ ಅದನ್ನು ಪ್ರಿಂಟ್ ತೆಗೆದು ಮರುದಿನ ತರಗತಿಗೆ ತಂದೆ. ಮಕ್ಕಳು ನೋಡಿ ಪಟ್ಟಿ ಮಾಡಿದರು.

ಮಜೆಂಟಾ: ಸರಿ. ಹಳದಿ: ಸರಿ. ಕೆಂಪು: ಸರಿ.
ಸಯಾನ್: ಬಹಳ ತಿಳಿ, ನಡುನಡುವೆ ಬಿಳಿ ಗೆರೆ.
ಹಸಿರು: ಹಳದಿಯತ್ತ. ನೀಲಿ: ಗುಲಾಬಿಯತ್ತ. ಬೂದು: ಕೆಂಪು ಮಿಶ್ರಿತ ಕಂದಿನತ್ತ.

ಮುಂದೆ ಓದುವ ಮೊದಲು ನೀವೇ ಯೋಚಿಸಿ. ತಪ್ಪಾದ ಎಲ್ಲ ಚೌಕಗಳಿಗೂ ಸಮಾನವಾಗಿ ಬೇಕಾಗುವ ಶಾಯಿ ಯಾವುದು?

ಸಯಾನ್! ಹಸಿರಿಗೂ ಅದು ಬೇಕು, ನೀಲಿಗೂ ಬೇಕು, ಬೂದಿಗೂ ಬೇಕು. ಕೆಂಪಿಗೆ ಬೇಡ. ಅದಕ್ಕೇ ಕೆಂಪು ಸರಿಯಾಗಿ ಬಂದಿದೆ. ಸಯಾನ್ ಸಾಲದೆ ಹೋದಾಗ ಕೆಂಪು ಬೆಳಕನ್ನು ನುಂಗುವವರು ಇಲ್ಲ. ನುಂಗದೆ ಉಳಿದ ಕೆಂಪು ಹಸಿರಿನ ಜೊತೆ ಸೇರಿ ಹಳದಿಯಾಗಿ ಕಾಣುತ್ತದೆ. ಹೀಗೆ ಬಣ್ಣವೇ ತನ್ನ ರೋಗದ ಲಕ್ಷಣ ಹೇಳುತ್ತದೆ. ಈ ಪಟ್ಟಿಯನ್ನು ನಿಮ್ಮ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

ಸಯಾನ್ ಕಡಿಮೆಯಾದರೆ: ಹಸಿರು ಹಳದಿಯತ್ತ, ನೀಲಿ ಗುಲಾಬಿಯತ್ತ, ಬೂದು ಕೆಂಪಿನತ್ತ ಹೋಗುತ್ತದೆ.
ಮಜೆಂಟಾ ಕಡಿಮೆಯಾದರೆ: ಕೆಂಪು ಹಳದಿಯತ್ತ, ನೀಲಿ ತಿಳಿನೀಲಿಯತ್ತ, ಬೂದು ಹಸಿರಿನತ್ತ ಹೋಗುತ್ತದೆ.
ಹಳದಿ ಕಡಿಮೆಯಾದರೆ: ಕೆಂಪು ಗುಲಾಬಿಯತ್ತ, ಹಸಿರು ತಿಳಿನೀಲಿಯತ್ತ, ಬೂದು ನೀಲಿಯತ್ತ ಹೋಗುತ್ತದೆ.

ಒಂದೊಂದೇ ಮೆಟ್ಟಿಲು

ಮೊದಲ ಮೆಟ್ಟಿಲು: ರಂಧ್ರಗಳ ಪರೀಕ್ಷೆ. ಪ್ರಿಂಟರ್‌ನ ನಿರ್ವಹಣೆಯ ಪಟ್ಟಿಯಲ್ಲಿ 'ನಾಜಲ್ ಚೆಕ್' ಎಂಬ ಆಯ್ಕೆ ಇರುತ್ತದೆ. ಅದನ್ನು ಕೊಟ್ಟರೆ ಪ್ರತಿ ಬಣ್ಣದ ಸಣ್ಣ ಗೆರೆಗಳ ಒಂದು ವಿನ್ಯಾಸ ಬರುತ್ತದೆ. ನಮ್ಮ ಹಾಳೆಯಲ್ಲಿ ಸಯಾನ್ ಗೆರೆಗಳು ಮುರಿದು ಮುರಿದು ಬಂದವು. ಶಾಯಿಯ ತೊಟ್ಟಿಯಲ್ಲಿ ಶಾಯಿ ಇತ್ತು. ಹಾಗಾದರೆ ಏನಾಗಿತ್ತು? ಏಪ್ರಿಲ್, ಮೇ ರಜೆಯಲ್ಲಿ ನಾನು ಪ್ರಿಂಟರನ್ನು ಬಳಸಿರಲಿಲ್ಲ. ನಮ್ಮ ಕಡೆಯ ಬಿಸಿಲು ಗೊತ್ತೇ ಇದೆಯಲ್ಲ. ರಂಧ್ರದ ಬಾಯಲ್ಲಿದ್ದ ಶಾಯಿ ಒಣಗಿ ಗಟ್ಟಿಯಾಗಿತ್ತು. ಶಾಲೆ ತೆರೆದ ಮೇಲೆ ಪ್ರಶ್ನೆಪತ್ರಿಕೆ, ಪತ್ರ ಎಲ್ಲವನ್ನೂ ಕಪ್ಪು ಶಾಯಿಯಲ್ಲೇ ತೆಗೆದೆ. ಅವು ಚೆನ್ನಾಗಿಯೇ ಬಂದವು. ಹಾಗಾಗಿ ತಪ್ಪು ನನ್ನ ಗಮನಕ್ಕೆ ಬರಲೇ ಇಲ್ಲ.

ಇದಕ್ಕೆ 'ಹೆಡ್ ಕ್ಲೀನಿಂಗ್' ಎಂಬ ಆಯ್ಕೆ ಇದೆ. ಪ್ರಿಂಟರ್ ತಾನೇ ರಂಧ್ರಗಳಿಂದ ಶಾಯಿಯನ್ನು ಎಳೆದು ಕಸರನ್ನು ತೆಗೆಯುತ್ತದೆ. ಇದಕ್ಕೆ ಶಾಯಿ ಖರ್ಚಾಗುತ್ತದೆ. ಆದ್ದರಿಂದ ಎರಡು ಮೂರು ಸಲಕ್ಕಿಂತ ಹೆಚ್ಚು ಒಂದೇ ಸಮನೆ ಮಾಡಬಾರದು. ಸರಿಯಾಗದಿದ್ದರೆ ರಾತ್ರಿಯಿಡೀ ಬಿಟ್ಟು, ಒಣಗಿದ ಶಾಯಿ ನೆನೆದ ಮೇಲೆ ಮತ್ತೆ ಪ್ರಯತ್ನಿಸಬೇಕು. ಸೂಜಿ, ಪಿನ್ನಿನಿಂದ ರಂಧ್ರವನ್ನು ಚುಚ್ಚಲೇಬಾರದು. ನಮ್ಮಲ್ಲಿ ಎರಡನೇ ಸಲಕ್ಕೆ ಸಯಾನ್ ಗೆರೆಗಳು ಪೂರ್ತಿಯಾದವು. ಏಳು ಚೌಕಗಳಲ್ಲಿ ಹಸಿರು ಹಸಿರಾಯಿತು, ನೀಲಿ ನೀಲಿಯಾಯಿತು.

ಎರಡನೇ ಮೆಟ್ಟಿಲು: ಕಾಗದ. ಹಸಿರು ಮರಳಿತು, ಆದರೆ ಇನ್ನೂ ಮಂಕು. ಸಾಧಾರಣ ಕಾಗದ ನಾರುಗಳ ಹೆಣಿಗೆ. ಶಾಯಿ ಅದರೊಳಗೆ ಇಳಿದು ಅಕ್ಕಪಕ್ಕಕ್ಕೆ ಹರಡುತ್ತದೆ. ಫೋಟೊ ಕಾಗದದ ಮೇಲೆ ಶಾಯಿಯನ್ನು ಮೇಲೆಯೇ ಹಿಡಿದಿಡುವ ಲೇಪನವಿದೆ. ಅದೇ ಶಾಯಿ ಅಲ್ಲಿ ಹೆಚ್ಚು ಹೊಳೆಯುತ್ತದೆ. ಒಂದು ಮಾತು ಮರೆಯಬೇಡಿ. ಯಾವ ಕಾಗದ ಇಟ್ಟಿದ್ದೇವೆ ಎಂದು ಪ್ರಿಂಟರ್‌ಗೆ ನಾವೇ ತಿಳಿಸಬೇಕು. ಅದರ ಮೇಲೆಯೇ ಎಷ್ಟು ಶಾಯಿ ಹಾಕಬೇಕೆಂದು ಅದು ನಿರ್ಧರಿಸುತ್ತದೆ. ಫೋಟೊ ಕಾಗದ ಇಟ್ಟು 'ಸಾಧಾರಣ' ಎಂದು ಹೇಳಿದರೂ ಬಣ್ಣ ಕೆಡುತ್ತದೆ, ಸಾಧಾರಣ ಕಾಗದ ಇಟ್ಟು 'ಫೋಟೊ' ಎಂದರೂ ಕೆಡುತ್ತದೆ. ಫೋಟೊ ಕಾಗದವನ್ನು ಬೆನ್ನುಮುಖವಾಗಿ ಇಟ್ಟರಂತೂ ಶಾಯಿ ನಿಲ್ಲುವುದೇ ಇಲ್ಲ.

ಮೂರನೇ ಮೆಟ್ಟಿಲು: ಎರಡು ಸಲ ತಿದ್ದುವಿಕೆ. ಒಂದೊಂದು ಶಾಯಿ ಮತ್ತು ಕಾಗದದ ಜೋಡಿ ಯಾವ ಬಣ್ಣವನ್ನು ಹೇಗೆ ತೋರಿಸುತ್ತದೆ ಎಂಬುದರ ಲೆಕ್ಕವನ್ನು ಕಂಪ್ಯೂಟರ್ ಒಂದು ಕಡತದಲ್ಲಿ ಇಟ್ಟುಕೊಂಡಿರುತ್ತದೆ. ಇದಕ್ಕೆ ಪ್ರೊಫೈಲ್ ಎನ್ನುತ್ತಾರೆ. ಎಲ್ಲ ಕಂಪನಿಗಳ ಯಂತ್ರಗಳಿಗೂ ಹೊಂದುವಂತೆ ಇದಕ್ಕೆ ಒಂದೇ ನಿಯಮವಿರಲಿ ಎಂದು 1993ರಲ್ಲಿ ಅಂತರರಾಷ್ಟ್ರೀಯ ವರ್ಣ ಒಕ್ಕೂಟ ಸ್ಥಾಪನೆಯಾಯಿತು. ಚಿತ್ರ ತೋರಿಸುವ ತಂತ್ರಾಂಶವೂ ಬಣ್ಣ ತಿದ್ದಬಲ್ಲದು, ಪ್ರಿಂಟರ್‌ನ ತಂತ್ರಾಂಶವೂ ತಿದ್ದಬಲ್ಲದು. ಇಬ್ಬರೂ ತಿದ್ದಿದರೆ? ಸಾರಿಗೆ ಅಮ್ಮ ಉಪ್ಪು ಹಾಕಿದ್ದು ತಿಳಿಯದೆ ಅಕ್ಕನೂ ಹಾಕಿದ ಹಾಗಾಗುತ್ತದೆ! ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಆ ಕೆಲಸ ಕೊಡಬೇಕು. 'ಬಣ್ಣ ಎದ್ದು ಕಾಣಲಿ' ಎಂಬಂಥ ಆಯ್ಕೆಗಳನ್ನೂ ಪರೀಕ್ಷೆಯ ಹೊತ್ತಿನಲ್ಲಿ ತೆಗೆದಿಡಬೇಕು. ನನ್ನ ಪ್ರಿಂಟರ್‌ನಲ್ಲಿ ಆ ಆಯ್ಕೆ ಚಾಲನೆಯಲ್ಲಿತ್ತು. ತೆಗೆದೆ.

ನಾಲ್ಕನೇ ಮೆಟ್ಟಿಲು: ಶಾಯಿ. ತೊಟ್ಟಿಗೆ ಬೇರೆ ತಯಾರಿಕೆಯ ಶಾಯಿ ತುಂಬಿಸಿದ್ದರೆ ಅದರ ಸಯಾನ್ ಹಳೆಯ ಸಯಾನ್‌ನಂತೆಯೇ ಇರಬೇಕೆಂದಿಲ್ಲ. ಆಗ ಪ್ರೊಫೈಲ್‌ನ ಲೆಕ್ಕ ತಪ್ಪುತ್ತದೆ. ಗಡಿಬಿಡಿಯಲ್ಲಿ ಒಂದು ಬಣ್ಣದ ತೊಟ್ಟಿಗೆ ಇನ್ನೊಂದನ್ನು ಸುರಿದವರೂ ಇದ್ದಾರೆ. ನಮ್ಮಲ್ಲಿ ಈ ತೊಂದರೆ ಇರಲಿಲ್ಲ.

ಐದನೇ ಮೆಟ್ಟಿಲು: ನೋಡುವ ಬೆಳಕು. ಒಂದೇ ಹಾಳೆಯನ್ನು ಕೊಠಡಿಯ ಟ್ಯೂಬ್‌ಲೈಟ್ ಕೆಳಗೆ ನೋಡಿದೆವು, ಆಮೇಲೆ ಜಗಲಿಯ ಹಗಲು ಬೆಳಕಿನಲ್ಲಿ ನೋಡಿದೆವು. ಬೂದು ಚೌಕ ಒಳಗೆ ಹಸಿರು ಛಾಯೆಯಲ್ಲಿತ್ತು, ಹೊರಗೆ ಇರಲಿಲ್ಲ. ದೀಪದ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಹಗಲಿನಷ್ಟೇ ಪ್ರಮಾಣದಲ್ಲಿ ಇರುವುದಿಲ್ಲ. ಇಲ್ಲದ ಬೆಳಕನ್ನು ಕಾಗದ ಹಿಂದಕ್ಕೆ ಕಳಿಸುವುದಾದರೂ ಹೇಗೆ? ಆದ್ದರಿಂದ ಬಣ್ಣವನ್ನು ಹೋಲಿಸುವಾಗ ಯಾವಾಗಲೂ ಒಂದೇ ಬೆಳಕು ಇರಬೇಕು. ಶಾಯಿ ಪೂರ್ತಿ ಒಣಗಿದ ಮೇಲೆಯೇ ನೋಡಬೇಕು. ಮೊಬೈಲ್ ಪರದೆಯೂ ಮೋಸ ಮಾಡಬಲ್ಲದು. ರಾತ್ರಿ ಕಣ್ಣಿಗೆ ಹಿತವಾಗಲೆಂದು ಹಳದಿ ಛಾಯೆ ಕೊಡುವ ಆಯ್ಕೆ ಅದರಲ್ಲಿ ಚಾಲನೆಯಲ್ಲಿದ್ದರೆ, ನಾವು ಹೋಲಿಸುವ ಮೂಲವೇ ತಪ್ಪಾಗುತ್ತದೆ.

ಎಲ್ಲ ಸರಿ, ಆದರೂ ಸರಿಯಿಲ್ಲ!

ಐದು ಮೆಟ್ಟಿಲು ಹತ್ತಿದ ಮೇಲೆ ಕಾರ್ಡನ್ನು ಮತ್ತೆ ಪ್ರಿಂಟ್ ತೆಗೆದೆ. ಈ ಸಲ ಅದು ಫೋಟೊಗೆ ಬಹಳ ಹತ್ತಿರವಾಗಿತ್ತು. ಮಕ್ಕಳು ಚಪ್ಪಾಳೆ ತಟ್ಟಿದರು. ಆ ಹುಡುಗಿ ಮಾತ್ರ ತಟ್ಟಲಿಲ್ಲ. "ಟೀಚರ್, ಫೋಟೊ ಖರೆ ಐತಿ ಅಂತ ಯಾರು ಹೇಳಿದ್ರು?" ಎಂದಳು.

ಎಂಥ ಪ್ರಶ್ನೆ! ಆ ಫೋಟೊವನ್ನು ಯಾವ ಬೆಳಕಿನಲ್ಲಿ ತೆಗೆದಿದ್ದರೋ ನನಗೆ ತಿಳಿಯದು. ಸಂಜೆಯ ಬೆಳಕಿನಲ್ಲಿ ಎಲ್ಲವೂ ತುಸು ಕೆಂಪಾಗಿ ಕಾಣುತ್ತದೆ. ಮೊಬೈಲ್‌ನ ಕ್ಯಾಮೆರಾ ಬೆಳಕನ್ನು ಊಹಿಸಿ ತಾನೇ ಬಣ್ಣ ತಿದ್ದುತ್ತದೆ. ಪ್ರಿಂಟರ್ ಎಷ್ಟೇ ನಿಷ್ಠೆಯಿಂದ ಕೆಲಸ ಮಾಡಿದರೂ ಅದು ನಕಲು ಮಾಡುವುದು ಫೋಟೊವನ್ನು, ಅಸಲು ಪಟ್ಟಿಯನ್ನಲ್ಲ.

ಅದೇ ದಿನ ಕೃಷಿ ವಿಜ್ಞಾನ ಕೇಂದ್ರದಿಂದ ಅಸಲು ಪ್ಲಾಸ್ಟಿಕ್ ಪಟ್ಟಿಯೊಂದನ್ನು ತರಿಸಿದೆ. ಜಗಲಿಯ ನೆರಳಿನಲ್ಲಿ ಮೂರನ್ನೂ ಪಕ್ಕಪಕ್ಕ ಇಟ್ಟೆವು. ಮೊದಲ ಕಾರ್ಡಿನ 4ನೇ ಮನೆ ಅಸಲಿನ 3ನೇ ಮನೆಯಷ್ಟೇ ತಿಳಿಯಾಗಿತ್ತು. ಅಂದರೆ ಹಸಿದ ಪೈರನ್ನು ಆ ಕಾರ್ಡ್ "ಹೊಟ್ಟೆ ತುಂಬಿದೆ" ಎಂದು ಹೇಳಿತ್ತು! ಎರಡನೇ ಕಾರ್ಡ್ ಎಷ್ಟೋ ಮೇಲು. ಆದರೆ ಅದರಲ್ಲೂ ಎರಡು ಮನೆಗಳು ಅಸಲಿಗೆ ಹೊಂದಲಿಲ್ಲ.

ಆ ಸಂಜೆ ಹುಡುಗಿ ಮತ್ತು ಅವಳ ತಂದೆಯ ಜೊತೆ ಗದ್ದೆಗೆ ಹೋದೆ. ಅಸಲು ಪಟ್ಟಿ ಅವರ ಕೈಗೆ ಕೊಟ್ಟೆ. ಮರುದಿನ ಬೆಳಿಗ್ಗೆ ಅವರು ಹತ್ತು ಗಿಡ ನೋಡಿದರು. ಎಂಟು ಎಲೆಗಳು ಗಡಿಗಿಂತ ಕೆಳಗಿದ್ದವು. ಅವರ ಕಣ್ಣೇ ಖರೆಯಾಗಿತ್ತು. ಅಂದೇ ಗೊಬ್ಬರ ಹಾಕಿದರು. ನಾನು ಮಕ್ಕಳಿಂದ ಮೊದಲ ಹತ್ತೂ ಕಾರ್ಡ್‌ಗಳನ್ನು ವಾಪಸ್ ಪಡೆದೆ.

ಸಯಾನ್ ಬದಲು ಹಳದಿಯ ರಂಧ್ರ ಕಟ್ಟಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ಕಾರ್ಡಿನ ಹಸಿರು ನೀಲಿಯತ್ತ ಹೋಗುತ್ತಿತ್ತು. ಎಲೆಗಳೆಲ್ಲ ಅದರ ಮುಂದೆ ಹಳದಿ ಎನಿಸುತ್ತಿದ್ದವು. ಬೇಡದ ಯೂರಿಯಾ ಗದ್ದೆಗೆ ಬೀಳುತ್ತಿತ್ತು. ಸಾರಜನಕ ಅತಿಯಾದರೆ ಪೈರು ಮೆತ್ತಗಾಗಿ ಮಲಗುತ್ತದೆ. ಬೆಂಕಿ ರೋಗ, ಕಂದು ಜಿಗಿಹುಳುವಿನ ಕಾಟ ಹೆಚ್ಚುತ್ತದೆ. ಹಣವೂ ಹಾಳು, ನೀರೂ ಹಾಳು.

ಚಿತ್ರ ಬೇರೆ, ಅಳತೆಗೋಲು ಬೇರೆ

ನಿಮ್ಮ ಸ್ಕೇಲನ್ನು ಜೆರಾಕ್ಸ್ ಮಾಡಿಸಿ ಅದರಿಂದ ಅಳೆಯುತ್ತೀರಾ? ನಕಲು ಚೂರು ಕುಗ್ಗಿದ್ದರೂ ಎಲ್ಲ ಅಳತೆಯೂ ತಪ್ಪು. ಎಲೆ ಬಣ್ಣದ ಪಟ್ಟಿಯೂ ಒಂದು ಅಳತೆಗೋಲೇ. ಅದು ಉದ್ದದ ಬದಲು ಬಣ್ಣವನ್ನು ಅಳೆಯುತ್ತದೆ. ಮಣ್ಣಿನ ಅಥವಾ ನೀರಿನ ಆಮ್ಲೀಯತೆ ತಿಳಿಯುವ ಬಣ್ಣದ ಪಟ್ಟಿಯೂ ಅಂಥದೇ. ಇವುಗಳ ಪ್ರಿಂಟನ್ನು ಪಾಠಕ್ಕೆ ಬಳಸಬಹುದು, ತೀರ್ಮಾನಕ್ಕೆ ಬಳಸಬಾರದು.

ಇದಕ್ಕೆ ಪ್ರಿಂಟರ್ ಹೊಣೆಯಲ್ಲ. ಪರದೆ ತೋರಿಸುವ ಕೆಲವು ಹೊಳಪು ಹಸಿರು, ಕಡು ನೀಲಿಗಳನ್ನು ನಾಲ್ಕು ಶಾಯಿಗಳಿಂದ ಪಡೆಯಲು ಸಾಧ್ಯವೇ ಇಲ್ಲ. ಆಗ ಪ್ರಿಂಟರ್ ತನ್ನ ಕೈಲಾದ ಹತ್ತಿರದ ಬಣ್ಣವನ್ನು ಆರಿಸುತ್ತದೆ. ಜೊತೆಗೆ ಬಿಸಿಲಿಗೆ, ಗಾಳಿಗೆ ಹಲವು ಶಾಯಿಗಳು ಮಾಸುತ್ತವೆ. ಇಂದು ಸರಿಯಿದ್ದ ಕಾರ್ಡ್ ಮುಂದಿನ ಬೆಳೆಗೆ ಸರಿಯಿರಬೇಕೆಂದಿಲ್ಲ.

ನೆನಪಿಡಿ

1. ಕಾಗದದ ಮೇಲೆ ಕಾಣುವುದು ಶಾಯಿ ನುಂಗದೆ ಬಿಟ್ಟ ಬೆಳಕು.
2. ಬಣ್ಣ ತಪ್ಪಾದರೆ ಮೊದಲು ಯಾವ ಶಾಯಿ ಕಡಿಮೆ ಎಂದು ಕೇಳಿ. ಬೂದು ಚೌಕ ಒಳ್ಳೆಯ ಸಾಕ್ಷಿ.
3. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬರೆದಿಡಿ.
4. ವಾರಕ್ಕೊಮ್ಮೆ ಎಲ್ಲ ಬಣ್ಣಗಳಿರುವ ಒಂದು ಸಣ್ಣ ಚಿತ್ರವನ್ನು ಪ್ರಿಂಟ್ ತೆಗೆದರೆ ರಂಧ್ರ ಒಣಗುವ ಸಂಭವ ಕಡಿಮೆ.
5. ಪ್ರಿಂಟರನ್ನು ಅದರದೇ ಗುಂಡಿಯಿಂದ ಆರಿಸಿ. ಆಗ ಹೆಡ್ ತನ್ನ ಜಾಗಕ್ಕೆ ಹೋಗಿ ಮುಚ್ಚಳದ ಮೇಲೆ ಕೂರುತ್ತದೆ. ಗೋಡೆಯ ಸ್ವಿಚ್ ನೇರವಾಗಿ ಆರಿಸಿದರೆ ರಂಧ್ರಗಳು ತೆರೆದೇ ಉಳಿಯಬಹುದು.
6. ನಕಲನ್ನು ನಂಬುವ ಮೊದಲು ಅಸಲಿನ ಪಕ್ಕದಲ್ಲಿಟ್ಟು ನೋಡಿ.

ಯೋಚಿಸಿ, ಉತ್ತರಿಸಿ

1. ಒಂದು ಶಾಲೆಯಲ್ಲಿ ರಾಷ್ಟ್ರಧ್ವಜದ ಚಿತ್ರ ಪ್ರಿಂಟ್ ತೆಗೆದರು. ಕೇಸರಿ ಗುಲಾಬಿಯಾಯಿತು, ಹಸಿರು ತಿಳಿನೀಲಿಯಾಯಿತು, ಚಕ್ರದ ನೀಲಿ ಮಾತ್ರ ಸರಿಯಿತ್ತು. ಯಾವ ಶಾಯಿ ಬರುತ್ತಿಲ್ಲ?
2. ಫೋಟೊದಲ್ಲಿ ಕೆಂಪು ಹೂ ಹಳದಿಯಾಗಿ, ಬೂದು ಕಲ್ಲು ಹಸಿರಾಗಿ ಬಂದಿವೆ. ಎಲೆಗಳು ಸರಿಯಿವೆ. ತಪ್ಪು ಯಾವ ಶಾಯಿಯದು?
3. ನಾಜಲ್ ಪರೀಕ್ಷೆಯಲ್ಲಿ ಎಲ್ಲ ಗೆರೆಗಳೂ ಪೂರ್ತಿ ಬಂದಿವೆ, ಆದರೂ ಚಿತ್ರದ ಬಣ್ಣ ಸರಿಯಿಲ್ಲ. ಮುಂದೆ ಯಾವ ಯಾವುದನ್ನು, ಯಾವ ಕ್ರಮದಲ್ಲಿ ನೋಡುತ್ತೀರಿ?

ಶಿಕ್ಷಕರಿಗೆ: ಶಾಲೆಯಲ್ಲಿ ಪ್ರಿಂಟರ್ ಇಲ್ಲದಿದ್ದರೂ ಈ ಪಾಠ ಮಾಡಬಹುದು. ದಿನಪತ್ರಿಕೆ, ಭೂತಗನ್ನಡಿ, ಸೀಮೆಸುಣ್ಣ ಸಾಕು. ಒಂದೇ ಸುದ್ದಿಚಿತ್ರದ ಬೇರೆ ಬೇರೆ ಪ್ರತಿಗಳನ್ನು ಮಕ್ಕಳು ಮನೆಯಿಂದ ತಂದರೆ, ಒಂದರಿಂದ ಒಂದಕ್ಕೆ ಬಣ್ಣ ಹೇಗೆ ಬದಲಾಗಿದೆ ಎಂದು ಹೋಲಿಸಬಹುದು. ಉತ್ತರವನ್ನು ಬೇಗ ಹೇಳಬೇಡಿ. ಮಕ್ಕಳ ಊಹೆಗಳೆಲ್ಲ ಮೊದಲು ಕರಿಹಲಗೆಯ ಮೇಲೆ ಬರಲಿ.

ಉತ್ತರಗಳು: 1. ಹಳದಿ. 2. ಮಜೆಂಟಾ. 3. ನಿಮ್ಮ ಕ್ರಮವನ್ನು ಗೆಳೆಯರ ಕ್ರಮದೊಂದಿಗೆ ಹೋಲಿಸಿ ಚರ್ಚಿಸಿ.